ಸಪಾಟು ಎಂದಿಟ್ಟುಕೊಂಡರೆ

ಸಭೆಯಲ್ಲಿ ಯಾರಾದರೂ ಒಂದು ಲೆಕ್ಕ ಮುಂದಿಟ್ಟರೆ ಸಾಕು, ಹಿಂದಿನ ಸಾಲಿನಿಂದ ‘ಅದೆಲ್ಲ ಆದರ್ಶ ಸ್ಥಿತಿಯ ಮಾತು’ ಎಂಬ ದನಿ ಏಳುತ್ತದೆ. ಲೆಕ್ಕ ಇಟ್ಟವರೂ ಕಡಿಮೆಯಿಲ್ಲ. ಸಿಕ್ಕಿಬಿದ್ದಾಗ ‘ಏನಾದರೊಂದು ಆದರ್ಶ ಸ್ಥಿತಿ ಇಟ್ಟುಕೊಳ್ಳಲೇಬೇಕಲ್ಲ’ ಎಂದು ಜಾರಿಕೊಳ್ಳುತ್ತಾರೆ. ಒಬ್ಬರಿಗೆ ಅದು ಬೈಗುಳ, ಇನ್ನೊಬ್ಬರಿಗೆ ಗುರಾಣಿ. ನಡುವೆ ಆದರ್ಶೀಕರಣ ಎಂಬ ಒಳ್ಳೆಯ ತತ್ತ್ವ ಕೆಟ್ಟುಹೋಗಿದೆ. ಸುಳ್ಳೆಂದು ಗೊತ್ತಿರುವುದನ್ನು, ಗೊತ್ತಿದ್ದೇ, ನಿಜವೆಂದು ಇಟ್ಟುಕೊಂಡು ವಿಚಾರ ನಡೆಸುವುದು ಆದರ್ಶೀಕರಣ.

ಇದನ್ನು ಅಮೂರ್ತೀಕರಣದ ಜೊತೆ ಕಲಸಬಾರದು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಸಿಕ್ಕ ಕ್ರಿ.ಶ. 945ರ ಕಂಬದ ಶಾಸನವನ್ನೇ ನೋಡಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಊರಿನ ಆಗಿನ ಹೆಸರು ಪಾವಿಟ್ಟಗೆ. ಅಲ್ಲಿನ ದೊಡ್ಡ ವಿದ್ಯಾಶಾಲೆಗೆ 500 ನಿವರ್ತನ ಭೂಮಿ, ದೀಪದ ಖರ್ಚಿಗೆಂದೇ 12 ನಿವರ್ತನ, ವಿದ್ಯಾರ್ಥಿಗಳ ವಾಸಕ್ಕೆ 27 ನಿವೇಶನ ಬಿಟ್ಟಿದ್ದನ್ನು ಅದು ಹೇಳುತ್ತದೆ. ನಿವರ್ತನ ಬರೀ ಅಳತೆ. ಕಪ್ಪು ಎರೆಗೂ ಅದೇ, ಕಲ್ಲುಮಡ್ಡಿಗೂ ಅದೇ. ಮಣ್ಣಿನ ಗುಣವನ್ನು ಅದು ಲೆಕ್ಕದಿಂದ ಹೊರಗೆ ಬಿಡುತ್ತದೆಯೇ ಹೊರತು ಎಲ್ಲ ಮಣ್ಣೂ ಒಂದೇ ಎನ್ನುವುದಿಲ್ಲ. ಸುಮ್ಮನಿರುವವನು ಸುಳ್ಳು ಹೇಳಿದಂತಲ್ಲ. ಅಮೂರ್ತೀಕರಣ ಅಷ್ಟೇ. ‘ಎಲ್ಲ ಮಣ್ಣೂ ಒಂದೇ’ ಎಂದು ಬಾಯಿಬಿಟ್ಟು ಹೇಳಿ, ಅದರ ಮೇಲೆ ಇಳುವರಿಯ ಲೆಕ್ಕ ಕಟ್ಟಿದರೆ ಅದು ಆದರ್ಶೀಕರಣ. ಸುಳ್ಳು ಹೇಳಿದ ಮೇಲೆ ಅದರ ಹೊಣೆಯೂ ಹೊರಬೇಕಾಗುತ್ತದೆ.

ಆ ಹೊಣೆ ಎಂಥದು ಎಂದು ಕಾಣಲು ರಸಾಯನಶಾಸ್ತ್ರದ ಒಂದು ಮೂಲೆಗೆ ಹೋಗಬೇಕು. ಅನಿಲದ ಅಥವಾ ಆವಿಯ ಅಣುಗಳು ಗಟ್ಟಿ ವಸ್ತುವಿನ ಮೇಲ್ಮೈಗೆ ಅಂಟಿ ನಿಲ್ಲುವುದನ್ನು ಅಧಿಶೋಷಣೆ ಎನ್ನುತ್ತಾರೆ. ಬೇಸಿಗೆಯಲ್ಲಿ ಬಿರುಕುಬಿಟ್ಟ ಎರೆಹೊಲದ ಹೆಂಟೆಯೂ ಪೂರ್ತಿ ಒಣಗಿರುವುದಿಲ್ಲ. ಗಾಳಿಯ ತೇವದ ಒಂದಷ್ಟು ಪಾಲು ಜೇಡಿಯ ಕಣಗಳನ್ನು ಹಿಡಿದು ಕೂತಿರುತ್ತದೆ. ಬಿಳಿಜೋಳದ ಬೇರೂ ಅದನ್ನು ಕಿತ್ತುಕೊಳ್ಳಲಾರದು. ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಜನ್ ಕಾನ್ಸಂಟ್ರೇಟರ್ ಒಳಗೆ ಜಿಯೋಲೈಟ್ ಹರಳು ಮಾಡುತ್ತಿದ್ದ ಕೆಲಸವೂ ಇದೇ: ಗಾಳಿಯೊಳಗಿನ ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ ಮುಂದೆ ಬಿಡುವುದು.

ಒತ್ತಡ ಏರಿದಂತೆ ಎಷ್ಟು ಅನಿಲ ಅಂಟುತ್ತದೆ? 1918ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಗಾಜು, ಅಭ್ರಕ, ಪ್ಲಾಟಿನಂ ಹಾಳೆಗಳ ಮೇಲೆ ಅಳೆದು ಉತ್ತರಿಸಿದ. ಮೇಲ್ಮೈ ಪೂರ್ತಿ ಸಪಾಟು, ಅಂಟುವ ಜಾಗಗಳೆಲ್ಲ ಒಂದೇ ಥರ, ಪಕ್ಕಪಕ್ಕದ ಅಣುಗಳಲ್ಲಿ ಒಂದರ ಗೊಡವೆ ಇನ್ನೊಂದಕ್ಕಿಲ್ಲ ಎಂದಿಟ್ಟುಕೊಂಡರೆ ಸರಳ ಸಮೀಕರಣ ಸಿಗುತ್ತದೆ. ಅವನು ಅಲ್ಲಿಗೇ ನಿಲ್ಲಲಿಲ್ಲ ಎಂಬುದೇ ನನಗೆ ಅವನ ಮೇಲಿರುವ ಅಭಿಮಾನಕ್ಕೆ ಕಾರಣ. ಜಾಗಗಳು ಹಲವು ಥರದವಾದರೆ ಏನು, ಪದರಗಳು ಒಂದರ ಮೇಲೊಂದು ಕೂತರೆ ಏನು ಎಂಬುದನ್ನೂ ಅದೇ ಲೇಖನದಲ್ಲಿ ಬರೆದಿಟ್ಟ. ಸುಳ್ಳಿನ ಪಕ್ಕದಲ್ಲೇ ಅದರಿಂದ ಹಿಂದಿರುಗುವ ದಾರಿಯೂ ಇತ್ತು.

1938ರಲ್ಲಿ ಬ್ರೂನೌವರ್, ಎಮ್ಮೆಟ್, ಟೆಲ್ಲರ್ ಅದೇ ಸಪಾಟು ನೆಲದ ಮೇಲೆ ಹಲವು ಪದರಗಳ ಸಿದ್ಧಾಂತ ಕಟ್ಟಿದರು. ಉಬ್ಬುತಗ್ಗಿನ ಸಾಮಾನ್ಯ ಪುಡಿಗಳ ಮೇಲೆ ಅದು ಮಧ್ಯದ ಒತ್ತಡಗಳಲ್ಲಿ ಚೆನ್ನಾಗಿಯೇ ಹೊಂದಿತು. ಪುಡಿಗಳ ಮೇಲ್ಮೈ ವಿಸ್ತೀರ್ಣವನ್ನು ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಅದರಿಂದಲೇ ಲೆಕ್ಕ ಹಾಕುತ್ತವೆ. ಆಮೇಲೆ ಮಸಿಯನ್ನು 2,500 ಡಿಗ್ರಿಗೂ ಹೆಚ್ಚು ಕಾಯಿಸಿ ಗ್ರಾಫೈಟ್ ಆಗಿಸಿದಾಗ, ಸಿದ್ಧಾಂತ ಕನಸಿದ ಸಪಾಟು ಮೇಲ್ಮೈ ಹೆಚ್ಚುಕಡಿಮೆ ಕೈಗೇ ಸಿಕ್ಕಿತು. ಅದರ ಮೇಲೆ ಕ್ರಿಪ್ಟಾನ್ ಅನಿಲವನ್ನು ಕೂಡಿಸಿ ನೋಡಿದರೆ ಸಿದ್ಧಾಂತ ಹೇಳಿದ ನುಣುಪು ರೇಖೆ ಕಾಣಲಿಲ್ಲ. ಪದರಕ್ಕೊಂದರಂತೆ ಮೆಟ್ಟಿಲು ಕಂಡವು.

ತನ್ನ ಊಹೆ ಸುಳ್ಳಾದ ಕಡೆ ಸಿದ್ಧಾಂತ ಗೆದ್ದಿತು, ಊಹೆ ನಿಜವಾದ ಕಡೆ ಸೋತಿತು. ಕಾರಣವನ್ನು ಜಾರ್ಜ್ ಹಾಲ್ಸಿ 1948ರಲ್ಲೇ ಎತ್ತಿ ತೋರಿಸಿದ್ದ. ಒರಟು ಮೇಲ್ಮೈಯಲ್ಲಿ ಗಟ್ಟಿಯಾಗಿ ಹಿಡಿಯುವ ಜಾಗಗಳು ಮೊದಲು ತುಂಬುತ್ತವೆ, ಆದ್ದರಿಂದ ತುಂಬಿದಂತೆಲ್ಲ ಹಿಡಿತ ಸಡಿಲವಾಗುತ್ತದೆ. ಇತ್ತ ಅಣುಗಳು ಒಂದನ್ನೊಂದು ಸೆಳೆಯುವುದರಿಂದ, ತುಂಬಿದಂತೆಲ್ಲ ಹಿಡಿತ ಬಿಗಿಯಾಗುತ್ತದೆ. ಸಿದ್ಧಾಂತ ಎರಡನ್ನೂ ಇಲ್ಲವೆಂದಿತ್ತು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಹಿಡಿತ ಬದಲಾಗದಂತೆ ಕಂಡಿತು. ಒರಟುತನ ತೆಗೆದೊಡನೆ ಉಳಿದದ್ದು ಸೆಳೆತ ಮಾತ್ರ. ಅಣುಗಳು ಒಟ್ಟಿಗೆ ಮುಗಿಬಿದ್ದು ಪದರ ಏಕಾಏಕಿ ತುಂಬಿತು.

ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಜೊತೆ ನನ್ನ ಜಗಳ ಇಲ್ಲೇ. ಸಿದ್ಧಾಂತದ ಊಹೆಗಳು ನಿಜವೇ ಎಂದು ಕೇಳಬೇಡಿ, ಭವಿಷ್ಯ ಸರಿಯಾಗಿ ನುಡಿದರೆ ಸಾಕು ಎಂದು ಅವನು 1953ರಲ್ಲಿ ವಾದಿಸಿದ. ಮಹತ್ತ್ವದ ಸಿದ್ಧಾಂತದ ಊಹೆಗಳು ವಾಸ್ತವದಿಂದ ದೂರವೇ ಇರುತ್ತವೆ ಎಂದು ಹೆಮ್ಮೆಯಿಂದಲೇ ಬರೆದ. ಚುರುಕು ಬರಹ, ಒಪ್ಪುತ್ತೇನೆ. ಆದರೆ ಕ್ರಿಪ್ಟಾನಿನ ಮೆಟ್ಟಿಲುಗಳಿಗೆ ಅವನಲ್ಲಿ ಏನು ಉತ್ತರ? ಫಲಿತಾಂಶ ಯಾಕೆ ಸರಿ ಬಂತು ಎಂದು ಗೊತ್ತಿರದವನಿಗೆ ಅದು ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಿರುವುದಿಲ್ಲ. ಅದನ್ನು ತಿಳಿಯಲು ಅವನು ಬೇಡವೆಂದ ಪ್ರಶ್ನೆಯನ್ನೇ ಕೇಳಬೇಕು.

ಫ್ರೀಡ್‌ಮನ್ನನ ನೆರಳು ನಮ್ಮ ಹೊಲಗಳ ಮೇಲೂ ಬಿದ್ದಿದೆ. 2016ರಲ್ಲಿ ಬಂದ ಫಸಲ್ ಬಿಮಾ ಎಂಬ ಬೆಳೆ ವಿಮೆ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ವಿಮಾ ಘಟಕವೆಂದರೆ ಗ್ರಾಮ ಪಂಚಾಯಿತಿ; ಅದರೊಳಗಿನ ಹೊಲಗಳೆಲ್ಲ ಒಂದೇ ಎಂದಿಟ್ಟುಕೊಂಡಂತೆ. ಆಯ್ದ ಕೆಲವು ಹೊಲಗಳಲ್ಲಿ, ಕನಿಷ್ಠ ನಾಲ್ಕರಲ್ಲಿ, ಬೆಳೆ ಕಟಾವು ಪ್ರಯೋಗ ನಡೆಸಿ ಸರಾಸರಿ ತೆಗೆಯುತ್ತಾರೆ. ಆ ಸರಾಸರಿ ಗೊತ್ತುಮಾಡಿದ ಮಿತಿಗಿಂತ ಕೆಳಗಿಳಿದರೆ ಪಂಚಾಯಿತಿಯ ವಿಮೆ ಕಟ್ಟಿದವರಿಗೆಲ್ಲ ಪರಿಹಾರ, ಇಳಿಯದಿದ್ದರೆ ಯಾರಿಗೂ ಇಲ್ಲ. (ಆಲಿಕಲ್ಲು ಮಳೆಗೆ, ಹೊಲ ಮುಳುಗಿದ್ದಕ್ಕೆ ಬೇರೆ ದಾರಿ ಇದೆ.) ಮಡ್ಡಿಯಲ್ಲಿ ತೊಗರಿ ಒಣಗಿ, ಎರೆಯಲ್ಲಿ ತೇವ ನಿಂತು ಬೆಳೆ ಉಳಿದ ವರ್ಷ ಎರಡೂ ಸೇರಿ ಸರಾಸರಿ ನೆಟ್ಟಗೆ ನಿಲ್ಲುತ್ತದೆ. ಕಾಗದದ ಮೇಲೆ ಲೆಕ್ಕ ಹೊಂದಿತು, ಮಡ್ಡಿಯವನಿಗೆ ಬಿಡಿಗಾಸೂ ಬರಲಿಲ್ಲ.

ಪಂಚಾಯಿತಿ ಸಪಾಟು ಎಂದಿಟ್ಟುಕೊಂಡದ್ದು ಮಹಾಪರಾಧವೇನಲ್ಲ. ಹೊಲಹೊಲಕ್ಕೂ ಹೋಗಿ ಅಳೆಯುವುದು ಆಗದ ಕೆಲಸ. ಆದರೆ ಲ್ಯಾಂಗ್‌ಮ್ಯೂರ್ ಬರೆದಿಟ್ಟಂಥ ಎರಡನೆಯ ಸಮೀಕರಣ ಈ ಲೆಕ್ಕಕ್ಕೂ ಬೇಕು: ಎರೆಗೆ ಒಂದು ಸರಾಸರಿ, ಮಡ್ಡಿಗೆ ಇನ್ನೊಂದು. ಅದಕ್ಕೆ ನಾಲ್ಕು ಕಟಾವು ಸಾಲವು, ಎಂಟಾದರೂ ಬೇಕು. ಹೆಚ್ಚಿನ ನಾಲ್ಕರ ಖರ್ಚು ಯಾರದು ಎಂಬುದು ತತ್ತ್ವಶಾಸ್ತ್ರ ಇತ್ಯರ್ಥ ಮಾಡುವ ಪ್ರಶ್ನೆಯಲ್ಲ, ಅದು ಬಜೆಟ್ಟಿನದು.