ಒಂದು ಶರಣಿನ ಋಣ



ಹರಳಯ್ಯನವರ ಕಥೆಯನ್ನು ಅರಿಯದ ಲಿಂಗವಂತರ ಮನೆಯುಂಟೆ? ಕಲ್ಯಾಣದ ಬೀದಿಯಲ್ಲಿ ಬಸವಣ್ಣನವರನ್ನು ಕಂಡು ಹರಳಯ್ಯನವರು ‘ಶರಣು’ ಎಂದರು. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರು. ತಾವಿತ್ತದ್ದು ಒಂದು, ತಮಗೆ ಬಂದದ್ದು ಎರಡು. ಹೆಚ್ಚಾಗಿ ಬಂದ ಆ ಒಂದು ಶರಣಿನ ಭಾರವನ್ನು ತಾಳಲಾರದೆ ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮವನ್ನೇ ತೆಗೆದು ಪಾದರಕ್ಷೆಗಳನ್ನು ಮಾಡಿ ಅರ್ಪಿಸಿದರೆಂದು ಪರಂಪರೆ ಹೇಳುತ್ತದೆ. ಈ ಕಥೆಯನ್ನು ನಾನು ಮಠದ ಪಾಠಶಾಲೆಯಲ್ಲಿ ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದವನು. ಆದರೆ ಅದರ ಅರ್ಥ ನನಗಾದದ್ದು 2023ರ ಬಸವ ಜಯಂತಿಯಿಂದ 2024ರ ಬಸವ ಜಯಂತಿಯವರೆಗಿನ ಒಂದು ವರ್ಷದಲ್ಲಿ. ಆ ವರ್ಷದ ವೃತ್ತಾಂತವನ್ನು ನಿಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ. ಇದು ಉಪದೇಶವೆಂಬುದಕ್ಕಿಂತ ತಪ್ಪೊಪ್ಪಿಗೆ ಎಂದರೆ ಸರಿಯಾದೀತು.

ಮೊದಲು ನಾವು ವಾಸಿಸುವ ಊರಿನ ಮಾತು. ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳ ಹೆಸರುಗಳನ್ನು ನೆನೆಯಿರಿ: ತಿಗಳರಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ. ಅಲ್ಲಿ ಬೀದಿಯ ಹೆಸರೇ ಕುಲದ ಹೆಸರು. ಯಾರು ಎಲ್ಲಿರಬೇಕೆಂಬುದು ಹುಟ್ಟಿನಿಂದಲೇ ಬಹುಮಟ್ಟಿಗೆ ನಿರ್ಣಯವಾಗುತ್ತಿದ್ದ ಕಾಲವದು. 1945ರಲ್ಲಿ ಸಿ.ಐ.ಟಿ.ಬಿ. ಎಂದು ಜನರು ಕರೆಯುತ್ತಿದ್ದ ನಗರ ಸುಧಾರಣಾ ಮಂಡಳಿಯು ಏರ್ಪಟ್ಟಿತು; 1976ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಪಟ್ಟಣದ ಪಶ್ಚಿಮಕ್ಕೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಬೆಳೆದವು. ಈ ಹೊಸ ಬಡಾವಣೆಗಳಲ್ಲಿ ಬೀದಿಗಳಿಗೆ ಕುಲದ ಹೆಸರಿಲ್ಲ, ಅಂಕೆಗಳಿವೆ: ಮೂರನೆಯ ಹಂತ, ನಾಲ್ಕನೆಯ ಮುಖ್ಯರಸ್ತೆ, ಎಂಟನೆಯ ಅಡ್ಡರಸ್ತೆ. ಅಂಕೆಗೆ ಜಾತಿಯೆಲ್ಲಿಯದು? ಕುಲವನ್ನು ಮರೆತು ನಿಲ್ಲಬಹುದಾದ ನೆಲವೊಂದು ನಮಗೆ ಅನಾಯಾಸವಾಗಿ ದೊರೆತಿತ್ತು. ಅದರಲ್ಲಿ ಒಂದಕ್ಕೆ ಸಾಕ್ಷಾತ್ ಬಸವೇಶ್ವರನ ಹೆಸರನ್ನೇ ಇಟ್ಟರು.

ಇನ್ನು ಕಾನೂನಿನ ಮಾತು. ಮೈಸೂರು ಸಂಸ್ಥಾನದಲ್ಲಿ ಸಾಮಾಜಿಕ ಅಡಚಣೆಗಳನ್ನು ತೊಡೆಯುವ ಶಾಸನವು 1943ರಲ್ಲಿಯೂ ದೇವಾಲಯ ಪ್ರವೇಶದ ಶಾಸನವು 1948ರಲ್ಲಿಯೂ ಬಂದವು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸಿತು. ಅದನ್ನು ಆಚರಿಸುವವರಿಗೆ ದಂಡನೆ ವಿಧಿಸುವ ಶಾಸನವು 1955ರ ಜೂನ್ 1ರಿಂದ ಜಾರಿಗೆ ಬಂದಿತು. ದೇವಾಲಯ, ಭೋಜನಗೃಹ, ಅಲ್ಲಿನ ಪಾತ್ರೆ, ಬಾವಿ, ಕೆರೆ, ನಲ್ಲಿ, ಸ್ಮಶಾನ ಒಂದೊಂದನ್ನೂ ಅದು ಹೆಸರಿಸಿತು. ವಾಸದ ಮನೆಯನ್ನು ಕಟ್ಟುವುದಕ್ಕಾಗಲಿ ಪಡೆಯುವುದಕ್ಕಾಗಲಿ ಅದರಲ್ಲಿ ನೆಲಸುವುದಕ್ಕಾಗಲಿ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಪಡಿಸುವುದೂ ಅಪರಾಧವೆಂದಿತು. 1976ರಿಂದ ಅದು ನಾಗರಿಕ ಹಕ್ಕುಗಳ ರಕ್ಷಣೆಯ ಶಾಸನವೆಂಬ ಹೆಸರಿನಲ್ಲಿದೆ.

ಆ 1955ರ ಶಾಸನದ ವಿವರಣೆಯೊಂದರಲ್ಲಿ, ಅದು ಯಾರು ಯಾರಿಗೆ ಅನ್ವಯಿಸುತ್ತದೆಂದು ತಿಳಿಸುವಲ್ಲಿ, ‘ವೀರಶೈವರು, ಲಿಂಗಾಯತರು’ ಎಂದು ನಮ್ಮ ಹೆಸರು ಸ್ಪಷ್ಟವಾಗಿ ಬಂದಿದೆ. ಶಾಸನದ ವ್ಯಾಪ್ತಿಯನ್ನು ನಿಶ್ಚಯಿಸುವುದಕ್ಕಾಗಿ ಬರೆದ ಮಾತೇ ಹೊರತು ಅದು ದೂಷಣೆಯಲ್ಲ. ಆದರೂ ಅದನ್ನು ಮೊದಲ ಸಲ ಓದಿದ ದಿನ ನನ್ನ ತಲೆ ತಗ್ಗಿತು. ಪಂಚಸೂತಕಗಳಲ್ಲಿ ಜಾತಿಸೂತಕವನ್ನು ಎಂಟು ನೂರು ವರ್ಷಗಳ ಹಿಂದೆಯೇ ಅಲ್ಲಗಳೆದವರು ನಾವು; ತಾನು ಮಾದಾರ ಚೆನ್ನಯ್ಯನ ಮನೆಯವನೆಂದು ಹೇಳಿಕೊಂಡು ಹಿಗ್ಗಿದ ಗುರುವಿನ ಮಕ್ಕಳು ನಾವು. ನಮ್ಮನ್ನೂ ಹೆಸರಿಸಬೇಕೆಂದು ಶಾಸನಕಾರರಿಗೆ ತೋರಿತಲ್ಲ!

ಕಲ್ಯಾಣದಲ್ಲಿ ನಡೆದದ್ದೇನು? ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾಯಿತು. ಅದನ್ನು ಸಹಿಸದ ಬಿಜ್ಜಳನು ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದನು. ಅಂದು ಗೋಡೆಯನ್ನು ಕಾಯುತ್ತಿದ್ದವನು ಅರಸ, ಒಡೆದವರು ಶರಣರು. 1955ರಲ್ಲಿ ಗೋಡೆಯನ್ನು ಒಡೆಯಲು ಹೊರಟದ್ದು ಪ್ರಭುತ್ವ. ಕಾಯಲು ನಿಂತವರು ಯಾರು? ಶರಣರ ಹೆಸರು ಹೇಳುವ ನಾವೇ ಅಲ್ಲವೆ?

ಅನ್ಯರ ಮಾತು ಬೇಡ, ನನ್ನದನ್ನೇ ಹೇಳುತ್ತೇನೆ. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯ ಭಾಗವನ್ನು ಬಾಡಿಗೆಗೆ ಕೊಡುವ ರೂಢಿ. 2023ರ ಏಪ್ರಿಲಿನಲ್ಲಿ ಫಲಕ ತೂಗುಹಾಕಿದ್ದೆ. ಒಂದು ಸಂಜೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಮಾಡುವ ತರುಣರೊಬ್ಬರು ಹೆಂಡತಿ ಮಗಳೊಡನೆ ಬಂದರು. ಹಜಾರದಲ್ಲಿದ್ದ ಬಸವಣ್ಣನವರ ಚಿತ್ರಕ್ಕೆ ಕೈಮುಗಿದು ನನಗೆ, “ಶರಣು, ಮೇಷ್ಟ್ರೆ” ಎಂದರು. ನಾನು ಮರುಶರಣು ಹೇಳಲಿಲ್ಲ, “ನಿಮ್ಮದು ಯಾವ ಮಠ?” ಎಂದು ಕೇಳಿದೆ. ಜಾತಿಯನ್ನು ಕೇಳದೆಯೂ ಕೇಳುವ ಈ ಬಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವರಿಗೂ ಗೊತ್ತಿತ್ತು. “ನಮಗೆ ಮಠ ಅಂತ ಇಲ್ಲ, ಮೇಷ್ಟ್ರೆ. ನಾವು ಹೊಲೆಯರ ಪೈಕಿ. ಬಸವಣ್ಣನವರಲ್ಲಿ ಭಕ್ತಿ ಇದೆ” ಎಂದರು. ನಾನು, “ಮನೆ ಬೇರೆಯವರಿಗೆ ಮಾತಾಗಿಬಿಟ್ಟಿದೆ” ಎಂದೆ. ಸುಳ್ಳು. ಫಲಕ ಮರುದಿನವೂ ಅಲ್ಲಿಯೇ ತೂಗುತ್ತಿತ್ತು. ಅವರು ಬಸ್ಸಿಗೆ ಹೋಗುವ ದಾರಿ ಅದೇ.

ಏಪ್ರಿಲ್ 23ರಂದು ಬಸವ ಜಯಂತಿ. ಬಡಾವಣೆಯ ಸಭೆಯಲ್ಲಿ ನನ್ನ ಉಪನ್ಯಾಸ. ವಿಷಯ ಹರಳಯ್ಯನವರು! ಕಡೆಯ ಸಾಲಿನಲ್ಲಿ ಆ ತರುಣರು ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳುತ್ತಿದ್ದರು. ಸಭೆ ಮುಗಿದ ಮೇಲೆ ಹತ್ತಿರ ಬಂದು, “ಶರಣು ಶರಣಾರ್ಥಿ, ಮೇಷ್ಟ್ರೆ” ಎಂದು ಕೈಮುಗಿದು ಹೊರಟರು. ಬೇರೊಂದು ಮಾತಿಲ್ಲ. ಮೊದಲ ಶರಣಿಗೇ ಮರುನುಡಿಯದವನಿಗೆ ಈಗ ಎರಡು ಶರಣು. ಹರಳಯ್ಯನವರು ಒಂದರ ಭಾರಕ್ಕೆ ಚರ್ಮವನ್ನು ಕೊಟ್ಟರು. ನನಗೆ ಒಂದು ಕೋಣೆಯ ಬೀಗದ ಕೈಯನ್ನು ಕೊಡಲಾಗಲಿಲ್ಲ.

ಹದಿನೈದು ದಿನ ತಡೆದು, ವಿಚಾರಿಸಿಕೊಂಡು ಹೋದೆ. ಅಷ್ಟರಲ್ಲಿ ಅವರು ಕೆಂಗೇರಿಯ ಕಡೆ ಮನೆ ಹಿಡಿದಿದ್ದರು. ಪೀಣ್ಯಕ್ಕೆ ದಿನವೂ ದೂರದ ಪ್ರಯಾಣ. ಅವರ ಮನೆಯಾಕೆ ಕೊಟ್ಟ ನೀರನ್ನು ಕುಡಿದು, ನನ್ನ ತಪ್ಪನ್ನು ಹೇಳಿಕೊಂಡು ಕ್ಷಮೆ ಬೇಡಿದೆ. ಅವರು ಹೇಳಿದರು: “ನೀವು ಇಷ್ಟು ದೂರ ಬಂದಿರಿ, ನನಗೆ ಆಯಿತು ಮೇಷ್ಟ್ರೆ. ಆದರೆ, ಆ ಮನೆಗೆ ಇನ್ನೂ ಬೀಗ ಇದೆಯಲ್ಲಪ್ಪ, ಯಾರಿಗೆ ಕೊಟ್ಟರು ಅಂತ ಮಗಳು ಕೇಳುತ್ತಾಳೆ. ಅವಳಿಗೆ ಏನು ಹೇಳಲಿ?”

ಅಮೆರಿಕದ ದಕ್ಷಿಣ ಭಾಗದಲ್ಲಿ ಮಾಂಟ್ಗೊಮರಿ ಎಂಬ ನಗರವಿದೆ. ನಮ್ಮಲ್ಲಿ ಶಾಸನ ಬಂದ ಆ 1955ರ ಡಿಸೆಂಬರಿನಲ್ಲಿಯೇ ಅಲ್ಲಿನ ಕಪ್ಪುವರ್ಣದ ಜನರು, ಬಸ್ಸಿನಲ್ಲಿ ಬಿಳಿಯರಿಗೆ ಆಸನ ಬಿಡಬೇಕೆಂಬ ಅವಮಾನವನ್ನು ಸಹಿಸದೆ, 381 ದಿನ ಬಸ್ಸು ಹತ್ತದೆ ನಡೆದರು. ಅವರ ಮುಂದಾಳು ಮಾರ್ಟಿನ್ ಲೂಥರ್ ಕಿಂಗರು 1959ರಲ್ಲಿ ಭಾರತಕ್ಕೆ ಬಂದಾಗ, ಕೇರಳದ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಮಕ್ಕಳಿಗೆ ‘ಅಮೆರಿಕದಿಂದ ಬಂದ ನಮ್ಮಂಥ ಅಸ್ಪೃಶ್ಯರು’ ಎಂಬರ್ಥದಲ್ಲಿ ಪರಿಚಯಿಸಿದರಂತೆ. ಕಿಂಗರಿಗೆ ಮೊದಲು ಬೇಸರವಾಯಿತು. ಬಳಿಕ ಯೋಚಿಸಿ, ಅದು ನಿಜವೇ ಎಂದು ಒಪ್ಪಿಕೊಂಡೆನೆಂದು ಅವರೇ ಮುಂದೆ ತಮ್ಮ ಧರ್ಮೋಪದೇಶವೊಂದರಲ್ಲಿ ಹೇಳಿದರು. ಜಗತ್ತಿನ ಒಂದು ಮೂಲೆಯ ನೋವನ್ನು ಅಳೆಯಲು ನಮ್ಮ ನಾಡಿನ ಮಾತೇ ಅಳತೆಗೋಲಾಯಿತೆಂದರೆ ಅದು ಹೆಮ್ಮೆಯೊ ನಾಚಿಕೆಯೊ, ನೀವೇ ಹೇಳಿರಿ.

ಇಲ್ಲಿ ಒಂದು ಆಕ್ಷೇಪವುಂಟು. “ನಾವು ಲಿಂಗಧಾರಿಗಳು, ಸಸ್ಯಾಹಾರಿಗಳು; ನಮ್ಮ ಮನೆಯ ನಿಯಮ ನಮಗೆ ಬೇಡವೆ?” ಎಂದು ಕೇಳುವಿರಿ. ಬೇಕು. ಆಹಾರನಿಯಮವು ನಮ್ಮ ವ್ರತ, ಅದನ್ನು ಬಿಡೆಂದು ಯಾರೂ ಹೇಳರು. ಆದರೆ ವ್ರತವು ನಮ್ಮನ್ನು ಕಟ್ಟಬೇಕೇ ಹೊರತು ಮತ್ತೊಬ್ಬರನ್ನು ಹೊರಗೆ ನಿಲ್ಲಿಸುವ ಕದವಾಗಬಾರದು. ನಮ್ಮ ಎದೆಯನ್ನೇ ಕೇಳಿಕೊಳ್ಳೋಣ: ಬಂದವರು ‘ನಾವೂ ಸಸ್ಯಾಹಾರಿಗಳೇ’ ಎಂದ ಮೇಲೆ ನಮ್ಮ ಪ್ರಶ್ನೆಗಳು ಅಲ್ಲಿಗೆ ನಿಲ್ಲುತ್ತವೆಯೆ? ನಿಲ್ಲದಿದ್ದರೆ ನಾವು ಕೇಳುತ್ತಿದ್ದುದು ಊಟವನ್ನಲ್ಲ, ಕುಲವನ್ನು. ಬಂದವನನ್ನು ಯಾರವನೆಂದು ಎಣಿಸದೆ ತನ್ನವನೆಂದೇ ಬಗೆಯುವ ಬುದ್ಧಿಯನ್ನು ಬಸವಣ್ಣನವರು ದೇವರಲ್ಲಿ ಬೇಡಿದ ವಚನ ನಮ್ಮ ಮಕ್ಕಳಿಗೆ ಕಂಠಸ್ಥವಾಗಿದೆ. ಪಂಚಾಚಾರಗಳಲ್ಲಿ ಶಿವಾಚಾರವೂ ಭೃತ್ಯಾಚಾರವೂ ಪರೀಕ್ಷೆಗೆ ಬರೆಯುವ ಉತ್ತರಗಳಲ್ಲ. ಬಾಗಿಲು ತಟ್ಟಿದಾಗ ನಾವಾಡುವ ಮೊದಲ ಮಾತು.

ಅನಂತರ ಮಹಡಿಯ ಮನೆಗೆ ಕೇಳಿಬಂದವರನ್ನು ಎರಡೇ ಪ್ರಶ್ನೆ ಕೇಳಿದೆವು: ಎಷ್ಟು ಜನ, ಎಂದಿನಿಂದ. ಈಗ ಅಲ್ಲಿರುವವರ ಕುಲ ನನಗೆ ತಿಳಿಯದು. ನೆರೆಯ ಹಿರಿಯರೊಬ್ಬರು ಕೆಲವು ತಿಂಗಳು ಮಾತು ಬಿಟ್ಟರು. ನಮ್ಮ ಮನೆಯವರು, ಕಸ ಒಯ್ಯಲು ಬರುವಾಕೆಗೆಂದು ಹಿತ್ತಲಲ್ಲಿ ಬೇರೆಯಿಟ್ಟಿದ್ದ ಲೋಟವನ್ನು ಒಂದು ದಿನ ಮಾತಿಲ್ಲದೆ ಒಳಗಿನ ಲೋಟಗಳ ಸಾಲಿಗೆ ಸೇರಿಸಿದರು. ಅದು ಅಷ್ಟು ವರ್ಷ ಹೊರಗಿದ್ದುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. 2024ರ ಜನವರಿಯಲ್ಲಿ ಸರ್ಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಕಚೇರಿಗಳ ಗೋಡೆಗಳ ಮೇಲೆ ಅವರ ಚಿತ್ರ ಬಂದಿತು. ನಾವು ಹಿಗ್ಗಿದೆವು. ಎರಡೇ ತಿಂಗಳಿಗೆ ಬೇಸಿಗೆ ಕಡುವಾಯಿತು. ನಗರದ ಕೊಳವೆಬಾವಿಗಳು ಬತ್ತಿದವು. ನಮ್ಮ ಬೀದಿಗೆ ಟ್ಯಾಂಕರು ಬಂದಾಗ ಎಲ್ಲರ ಕೊಡಗಳೂ ಒಂದೇ ಸಾಲಿನಲ್ಲಿ ನಿಂತವು. ಮುಂದಿನ ಕೊಡ ಯಾರದೆಂದು ಯಾರೂ ಕೇಳಲಿಲ್ಲ. ಬಾಯಾರಿಕೆಗೆ ತಿಳಿದದ್ದು ಭಕ್ತಿಗೆ ತಿಳಿಯಬೇಡವೆ?

2024ರ ಮೇ 10ರಂದು ಮತ್ತೆ ಬಸವ ಜಯಂತಿ. ನನ್ನ ಆಹ್ವಾನವನ್ನು ಮನ್ನಿಸಿ ಆ ತರುಣರು ಕುಟುಂಬಸಮೇತ ಬಂದು ನಮ್ಮ ಮನೆಯಲ್ಲಿ ಪ್ರಸಾದ ಸ್ವೀಕರಿಸಿದರು. ಮಗು ಮಹಡಿಯ ಮೆಟ್ಟಿಲನ್ನು ನೋಡಿತು, ಏನೂ ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಇದರಿಂದ ಋಣ ತೀರಿತೆಂದು ನಾನು ಹೇಳಲಾರೆ. ಮನೆಯ ಬಾಗಿಲು ತೆರೆದವರಿಗೆ ಮುಂದೆ ಮಕ್ಕಳ ಮದುವೆಯ ಬಾಗಿಲೂ ಇದೆ. ಕಲ್ಯಾಣದ ಶರಣರು ಪ್ರಾಣ ತೆತ್ತದ್ದು ಅಲ್ಲಿಯೇ. ಅಲ್ಲಿ ನನ್ನ ಕಾಲು ನಡುಗದೆಂಬ ಭರವಸೆಯಿಲ್ಲ. ಹೆಜ್ಜೆಯಿಡುವ ಶಕ್ತಿಯನ್ನು ಮಾತ್ರ ಬೇಡಿಕೊಳ್ಳುತ್ತೇನೆ.

ಬಂಧುಗಳೆ, ನಾಳೆ ನಿಮ್ಮ ಬಾಗಿಲಲ್ಲಿ ಯಾರಾದರೂ ನಿಂತು ‘ಶರಣು’ ಎಂದರೆ, ಬೇರೆ ಮಾತಿಗೆ ಮೊದಲು ಒಂದು ಶರಣನ್ನು ಹೆಚ್ಚಾಗಿಯೇ ಹಿಂದಿರುಗಿಸಿರಿ. ಉಳಿದದ್ದನ್ನು ಆ ಶರಣೇ ನಿಮ್ಮಿಂದ ಮಾಡಿಸೀತು.

ಶರಣು ಶರಣಾರ್ಥಿ.