ಮಾರಿದವನ ಹೊಣೆ, ಕೊಂಡವನ ಹೊಣೆ

ಹೊಸ ವಸ್ತು ಕೊಂಡರೆ ಜೊತೆಗೊಂದು ಗ್ಯಾರಂಟಿ ಕಾರ್ಡು ಬರುತ್ತದೆ. ಕೆಟ್ಟರೆ ಯಾರಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಹಳೆಯ ವಸ್ತುವಿನ ಜೊತೆಗೆ ಬರುವುದು ಮಾರಿದವನ ಮಾತು ಮಾತ್ರ. ಆ ಮಾತು ಎಷ್ಟು ದಿನ ಬಾಳಬೇಕು? ಹಣ ಎಣಿಸಿಕೊಂಡ ಕೂಡಲೇ ಮಾರಿದವನ ಹೊಣೆ ಮುಗಿಯಿತೇ, ಅಥವಾ ವಸ್ತು ಕೆಟ್ಟ ದಿನ ಅದು ಮತ್ತೆ ಎದ್ದು ಬರುತ್ತದೆಯೇ? ಸಣ್ಣ ಪ್ರಶ್ನೆಯೆಂದು ತೋರಬಹುದು. ಆದರೆ ಸಣ್ಣ ಊರಿನಲ್ಲಿ ಎರಡು ಮನೆಗಳ ನಡುವೆ ಮಾತು ನಿಲ್ಲುವುದಕ್ಕೆ ಇಷ್ಟು ಕಾರಣ ಸಾಕು.

ನಮ್ಮ ಕಾಸರಗೋಡಿನ ಕಡೆಯ ಒಂದು ಉದಾಹರಣೆಯಿಂದಲೇ ಈ ಪ್ರಶ್ನೆಯನ್ನು ನೋಡಬಹುದು. 1970 ಮತ್ತು 80ರ ದಶಕಗಳಲ್ಲಿ ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಜಪಾನಿನ ಟೇಪ್ ರೆಕಾರ್ಡರ್, ಆಂಪ್ಲಿಫಯರ್, ಸ್ಪೀಕರ್ ಪೆಟ್ಟಿಗೆಗಳನ್ನು ತರುತ್ತಿದ್ದರು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಅವು ಅಟ್ಟ ಸೇರಿದವು. ಹೊರಗಿನಿಂದ ನೋಡಿದರೆ ಇಂದಿಗೂ ಲಕಲಕ ಹೊಳೆಯುತ್ತವೆ. ಒಳಗಿನ ಕತೆ ಬೇರೆ. ಟೇಪಿನ ರಬ್ಬರ್ ಬೆಲ್ಟು ಸಡಿಲಾಗುತ್ತದೆ, ಕೆಲವೊಮ್ಮೆ ಅಂಟಾಗಿ ಕರಗುತ್ತದೆ. ಆಂಪ್ಲಿಫಯರಿನ ಎಲೆಕ್ಟ್ರೊಲಿಟಿಕ್ ಕಪಾಸಿಟರುಗಳು ಬಳಸಿದರೂ ಬಳಸದಿದ್ದರೂ ವರ್ಷಗಳುರುಳಿದಂತೆ ಒಣಗುತ್ತವೆ. ನಮ್ಮ ಮಳೆಗಾಲದ ತೇವ ಸ್ವಿಚ್ಚುಗಳಿಗೆ ಕಿಲುಬು ಹಿಡಿಸುತ್ತದೆ. ಅಂದರೆ ಹಳೆಯ ಯಂತ್ರ ಕೆಡುವುದು ಅಚ್ಚರಿಯಲ್ಲ, ಅದರ ಸ್ವಭಾವ.

2017ರಲ್ಲಿ ನಮ್ಮ ಭಜನಾ ಮಂಡಳಿಯವರು ಇಂತಹ ಒಂದು ಆಂಪ್ಲಿಫಯರನ್ನೂ ಎರಡು ಸ್ಪೀಕರುಗಳನ್ನೂ 9,000 ರೂಪಾಯಿಗೆ ಕೊಂಡರು. ಮನೆಮನೆಯಿಂದ ಕೂಡಿಸಿದ ಹಣ. ಬ್ಯಾಂಕಿನವನೆಂಬ ಕಾರಣಕ್ಕೆ ಲೆಕ್ಕ ಬರೆಯುವ ಕೆಲಸ ನನ್ನದು. ನೋಡಿ ಕೊಂಡುಬಂದವರು ಬೇರೆ ಇಬ್ಬರು. ಕೊಟ್ಟವರೂ ಪರಿಚಿತರೇ, ಗಲ್ಫಿನಿಂದ ಮರಳಿ ಊರಿನಲ್ಲಿ ನೆಲೆಸಿದ ಹಿರಿಯರು. ಇಪ್ಪತ್ತಮೂರನೆಯ ದಿನ, ತಾಳಮದ್ದಳೆ ನಡೆಯುತ್ತಿದ್ದಾಗ, ಒಂದು ಬದಿಯ ಧ್ವನಿ ನಿಂತು ಸುಟ್ಟ ವಾಸನೆ ಬಂತು. ಮೆಕ್ಯಾನಿಕ್ ಮುಚ್ಚಳ ತೆಗೆದು ತೋರಿಸಿದ: ಅದೇ ಬದಿಯ ಟ್ರಾನ್ಸಿಸ್ಟರನ್ನು ಹಿಂದೊಮ್ಮೆ ಬದಲಾಯಿಸಿದ ಗುರುತಿತ್ತು. ಹೋಗಿ ಕೇಳಿದಾಗ ಹಿರಿಯರು ಅಲ್ಲಗಳೆಯಲಿಲ್ಲ. "ಹೌದು, ಒಮ್ಮೆ ರಿಪೇರಿ ಮಾಡಿಸಿದ್ದೆ. ನೀವು ಕೇಳಲಿಲ್ಲವಲ್ಲ" ಎಂದರು.

ಈ 'ಕೇಳಲಿಲ್ಲವಲ್ಲ' ಎಂಬ ಮಾತಿಗೆ ಮಲಯಾಳದಲ್ಲಿ 'ಚೋದಿಚ್ಚಿಲ್ಲಲ್ಲೋ' ಎನ್ನುತ್ತಾರೆ. ಎರಡು ಭಾಷೆಗಳಲ್ಲೂ ಅದರ ತೂಕ ಒಂದೇ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅಂಗಳದ ಮೂಲೆಗೂ ಕೇಳಲೆಂದು ಮಂಡಳಿಯ ಹುಡುಗರು ಇನ್ನೆರಡು ಸ್ಪೀಕರುಗಳನ್ನು ಜೋಡಿಸಿದ್ದರು. ಎಂಟು ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ ಯಂತ್ರದ ಮೇಲೆ ಬೀಳುವುದು ನಾಲ್ಕು ಓಮಿನ ಹೊರೆ. ಓಮ್ ಕಡಿಮೆಯಾದಷ್ಟು ವಿದ್ಯುತ್ ಹೆಚ್ಚು ಹರಿಯುತ್ತದೆ, ಟ್ರಾನ್ಸಿಸ್ಟರು ಕಾಯುತ್ತದೆ. ಎಂಟು ಓಮ್ ಮಾತ್ರ ಎಂದು ಯಂತ್ರದ ಬೆನ್ನಿನ ಮೇಲೆಯೇ ಬರೆದಿತ್ತು. ಹಳೆಯ ಗಾಯದಿಂದ ಕೆಟ್ಟಿತೋ ಹೊಸ ಹೊರೆಯಿಂದ ಕೆಟ್ಟಿತೋ ಎಂದು ಕೇಳಿದರೆ ಮೆಕ್ಯಾನಿಕ್ ಕೈಚೆಲ್ಲಿದ.

ಕಾನೂನು ಏನನ್ನುತ್ತದೆ? 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನ ಪ್ರಕಾರ, ಸರಕಿನ ಗುಣಕ್ಕೆ ಮಾರಿದವನು ತಾನಾಗಿ ಹೊಣೆಯಲ್ಲ. ಅದೇ ವ್ಯಾಪಾರದವನಾಗಿದ್ದರೆ ಮಾತ್ರ ಹೊಣೆ ಬರುತ್ತದೆ. ಅಲ್ಲಿಯೂ ಕೊಳ್ಳುವವನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ದೂರು ಸಲ್ಲದು. ಈಗ ಜಾರಿಯಲ್ಲಿರುವ 2019ರ ಗ್ರಾಹಕ ರಕ್ಷಣಾ ಕಾಯಿದೆಯೂ ಅಂಗಡಿಯವನನ್ನು ಹಿಡಿಯಬಲ್ಲದು. ಅಟ್ಟದ ಸಾಮಾನನ್ನು ಒಮ್ಮೆ ಮಾರಿದ ಗೃಹಸ್ಥನ ಬಳಿಗೆ ಅದು ಬರುವುದಿಲ್ಲ.

1872ರ ಕರಾರು ಕಾಯಿದೆಯ 17ನೆಯ ಕಲಮು ಇನ್ನೂ ಸ್ವಾರಸ್ಯಕರ. ಸುಮ್ಮನಿರುವುದಷ್ಟೇ ಮೋಸವಲ್ಲ ಎನ್ನುವ ಈ ಕಲಮು ಕುದುರೆಯ ಉದಾಹರಣೆ ಕೊಡುತ್ತದೆ. ರೋಗವಿರುವ ಕುದುರೆಯನ್ನು ಹರಾಜಿನಲ್ಲಿ ಮಾರಿದವನು ರೋಗದ ವಿಷಯ ಹೇಳದಿದ್ದರೆ ಅದು ಮೋಸವಲ್ಲ. ಆದರೆ ಕೊಳ್ಳುವವಳು ಈಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಹಾಗೆಯೇ ಕೊಳ್ಳುವವನು 'ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ' ಎಂದಾಗ ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ಅಂದರೆ ಸಂಬಂಧ ಹತ್ತಿರವಾದಷ್ಟೂ ಮೌನದ ಬೆಲೆ ಏರುತ್ತದೆಯೆಂಬುದನ್ನು ಒಣ ಕಾನೂನೂ ಬಲ್ಲದು.

ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದೇ ವಿಚಾರವನ್ನು ಎತ್ತಿಕೊಂಡಿದ್ದ. ಒಬ್ಬ ತನ್ನ ಮನೆಯನ್ನು ಮಾರುತ್ತಾನೆ. ಅದರ ಮರ ಲಡ್ಡಾಗಿದೆ, ಕೋಣೆಗಳಲ್ಲಿ ಹಾವುಗಳಿವೆ. ಅದು ಒಡೆಯನೊಬ್ಬನಿಗೇ ಗೊತ್ತು. ಹೇಳಬೇಕೇ? ಡಯೋಜಿನಿಸ್ ಎಂಬ ತತ್ತ್ವಜ್ಞಾನಿ ಬೇಡವೆನ್ನುತ್ತಾನೆ: ಕೊಳ್ಳೆಂದು ಯಾರೂ ಬಲವಂತ ಮಾಡಿಲ್ಲ, ಅವನಿಗೂ ಕಣ್ಣಿದೆ. ಅವನ ಶಿಷ್ಯ ಆಂಟಿಪೇಟರ್ ಹೇಳಲೇಬೇಕೆನ್ನುತ್ತಾನೆ: ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದೇ ತಪ್ಪಾದರೆ, ತಿಳಿದೂ ತಿಳಿದೂ ಹಾಳಿಗೆ ಬೀಳಲು ಬಿಡುವುದು ಇನ್ನೂ ದೊಡ್ಡ ತಪ್ಪು. ಸಿಸೆರೊ ನಿಂತದ್ದು ಶಿಷ್ಯನ ಕಡೆಗೆ. ಎಲ್ಲವನ್ನೂ ಹೇಳಬೇಕಾಗಿಲ್ಲ, ಆದರೆ ತನ್ನ ಲಾಭಕ್ಕಾಗಿ, ಎದುರಿನವನಿಗೆ ಬೇಕಾದ ವಿಷಯವನ್ನು ಅಡಗಿಸುವುದು ಸಲ್ಲದು ಎಂಬುದು ಅವನ ತೀರ್ಪು.

ನನ್ನ ಅಭಿಪ್ರಾಯ ಇಷ್ಟು. ಹಳೆಯ ವಸ್ತುವನ್ನು ಮಾರುವವನು ಗ್ಯಾರಂಟಿ ಕೊಡಬೇಕಾಗಿಲ್ಲ. ತನಗೆ ಗೊತ್ತಿರುವುದನ್ನು ಕೊಡಬೇಕು. ನಾಳೆ ಕೆಡುವುದಿಲ್ಲವೆಂದು ಅವನು ಹೇಳಲಾರ. ನಿನ್ನೆ ಕೆಟ್ಟಿತ್ತೆಂದು ಹೇಳಬಲ್ಲ. ವಸ್ತುವನ್ನು ಕೊಟ್ಟು ಅದರ ಚರಿತ್ರೆಯನ್ನು ತನ್ನಲ್ಲೇ ಇಟ್ಟುಕೊಂಡರೆ ಮಾರಾಟ ಅರ್ಧವಾದಂತೆ. ಕೌಂಟರಿನಲ್ಲಿ ಕೂತ ನನಗೆ ಇದು ದಿನವೂ ಕಾಣುತ್ತದೆ. ಹರಿದ ನೋಟನ್ನು ಮೇಲಿಟ್ಟು 'ಇದನ್ನು ಬದಲಾಯಿಸಿ ಕೊಡಿ' ಎನ್ನುವವರಿದ್ದಾರೆ. ಕಟ್ಟಿನ ನಡುವೆ ಮಡಚಿ ಇಡುವವರೂ ಇದ್ದಾರೆ. ಎರಡೂ ಅದೇ ನೋಟು. ಎರಡನೆಯವರೂ ಸುಳ್ಳೇನೂ ಹೇಳುವುದಿಲ್ಲ.

ಕೊಳ್ಳುವವನ ಹೊಣೆಯೂ ಕಡಿಮೆಯಲ್ಲ. ಹಳೆಯದೆಂದು ಕ್ರಯ ಇಳಿಸಿಕೊಂಡವನು ಹೊಸದರ ಬಾಳಿಕೆ ಕೇಳಬಾರದು. ಇಳಿದ ಕ್ರಯದಲ್ಲಿಯೇ ಅಪಾಯದ ಬೆಲೆ ಸೇರಿದೆ. ಎರಡು ನಿಮಿಷ ಒಂದು ಹಾಡು ಕೇಳಿ ಎತ್ತಿಕೊಂಡು ಬರುವುದು ಪರೀಕ್ಷೆಯಲ್ಲ. ಆಂಪ್ಲಿಫಯರಿನ ಕೆಲವು ದೋಷಗಳು ಬಿಸಿಯಾದ ಮೇಲೆಯೇ ಹೊರಬೀಳುತ್ತವೆ. ಒಂದು ಗಂಟೆಯಾದರೂ ಓಡಿಸಿ, ಎರಡೂ ಬದಿಗಳನ್ನು ಬೇರೆ ಬೇರೆಯಾಗಿ ಆಲಿಸಬೇಕು. ತಿಳಿದವನೊಬ್ಬನನ್ನು ಕರೆದೊಯ್ಯಬೇಕು. ಬಾಯಿಬಿಟ್ಟು ಕೇಳಬೇಕು: ಎಂದಾದರೂ ಬಿಚ್ಚಿಸಿದ್ದೀರಾ, ಯಾಕೆ ಮಾರುತ್ತೀರಿ? ಪರಿಚಿತರಲ್ಲಿ ಹಾಗೆ ಕೇಳಲು ಸಂಕೋಚವಾಗುತ್ತದೆ ನಿಜ. ಕೆಟ್ಟ ಮೇಲೆ ಜಗಳಕ್ಕೆ ಹೋಗುವುದಕ್ಕಿಂತ ಆ ಸಂಕೋಚ ಅಗ್ಗ. ತಂದ ಮೇಲೆ ತನ್ನ ಕೈಯಿಂದಾದುದನ್ನು ಮಾರಿದವನ ತಲೆಗೆ ಕಟ್ಟಲೂಬಾರದು.

ಇಬ್ಬರಿಗೂ ತಿಳಿಯದೆ ಬಂದ ಕೇಡು ಕೊಂಡವನದ್ದು. ಮಾರಿದವನಿಗೆ ತಿಳಿದಿದ್ದ ಕೇಡು ಮಾರಿದವನದ್ದು. ಎರಡೂ ಬೆರೆತು ಬೇರ್ಪಡಿಸಲಾಗದಿದ್ದರೆ ಹಂಚಿಕೊಳ್ಳುವುದೇ ನ್ಯಾಯ. ನಮ್ಮಲ್ಲೂ ಕೊನೆಗೆ ಆದದ್ದು ಅದೇ: ರಿಪೇರಿಯ 2,800 ರೂಪಾಯಿಯಲ್ಲಿ ಹಿರಿಯರು ಅರ್ಧ ಕೊಟ್ಟರು. ಜೋಡಿಸಿದ ಸ್ಪೀಕರುಗಳ ವಿಷಯವನ್ನು ನಮ್ಮವರೂ ಮುಚ್ಚಿಡದೆ ಹೇಳಿದ್ದರು.

ಆದರೆ ನಿಜವಾದ ಪರೀಕ್ಷೆ ಬಂದದ್ದು ಎರಡು ವರ್ಷಗಳ ನಂತರ. ಮಂಡಳಿಗೆ ಹೊಸ ಸೆಟ್ಟು ಬಂದು, ಹಳೆಯದನ್ನು ಕೇಳಿಕೊಂಡು ಬೇರೆ ಊರಿನವರು ಬಂದರು. ಸಭೆಯಲ್ಲಿ ಒಬ್ಬರು ಅಂದರು: "ಕೇಳಿದರೆ ಹೇಳೋಣ." ಯಾರೂ ಕೂಡಲೇ ಮಾತಾಡಲಿಲ್ಲ. ಅದೇ ಮಾತು ಈಗ ನಮ್ಮ ಬಾಯಲ್ಲಿತ್ತು. ಬಹಳ ಚರ್ಚೆಯಾದ ಮೇಲೆ ಎರಡು ರಿಪೇರಿಗಳ ವಿವರವನ್ನೂ ಎಂಟು ಓಮಿನ ಎಚ್ಚರಿಕೆಯನ್ನೂ ಒಂದು ಚೀಟಿಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆದು ಯಂತ್ರಕ್ಕೆ ಅಂಟಿಸಿದೆವು. ಬಂದವರು ಓದಿ 1,500 ರೂಪಾಯಿ ಕಡಿಮೆ ಮಾಡಿಸಿದರು. ಮಂಡಳಿಯ ಬಡ ಲೆಕ್ಕಕ್ಕೆ ಅದು ಸಣ್ಣ ಮೊತ್ತವಲ್ಲ.

ಆ 1,500 ರೂಪಾಯಿಯನ್ನು ನಷ್ಟವೆಂದು ಬರೆಯಬೇಕೇ ಎಂದು ಒಬ್ಬ ಹುಡುಗ ಕೇಳಿದ. ನಾನು ಬರೆಯಲಿಲ್ಲ. ವಸ್ತು ನಿಜವಾಗಿ ಬಾಳುತ್ತಿದ್ದುದೇ ಅಷ್ಟು. ಅದಕ್ಕಿಂತ ಹೆಚ್ಚು ಪಡೆದಿದ್ದರೆ ಆ ಹೆಚ್ಚಿನ ಹಣ ಇನ್ನೊಂದು ಊರಿನ ಭಜನೆಯವರ ಅಜ್ಞಾನದಿಂದ ಬಂದದ್ದಾಗುತ್ತಿತ್ತು.