ನಿನ್ನ ಗಡಿಯಾರ ಯಾವ ಟವರ್ ಹಿಡಿದಿದೆ?

ದಾನಿಯೇಲ 9ನೇ ಅಧ್ಯಾಯ, 21ನೇ ವಚನ ತೆಗೀರಿ. ತೆಗೆಯೋಷ್ಟರಲ್ಲಿ ಒಂದು ವಿಷಯ ಹೇಳ್ತೀನಿ.

ಮೇಘಾಲಯದಲ್ಲಿ ಡೌಕಿ ಅಂತ ಊರಿದೆ, ಬಾಂಗ್ಲಾದೇಶದ ಗಡಿಯಲ್ಲೇ. ಆ ಕನ್ನಡಿಯಂಥ ನೀರು, ದೋಣಿ, ನಿಮ್ಮಲ್ಲಿ ಅರ್ಧ ಜನ ರೀಲ್ಸಲ್ಲಿ ನೋಡಿರ್ತೀರಿ. ಶಿಲ್ಲಾಂಗ್‌ಗೆ ಹೋಗಿದ್ದಾಗ ಅಲ್ಲಿ ಒಂದು ರಾತ್ರಿ ಉಳ್ಕೊಂಡೆವು. 5 ಗಂಟೆಗೆ ಅಲಾರಂ ಇಟ್ಟಿದ್ದೆ. ಹೊಡೀತು, ಎದ್ದೆ, ತಣ್ಣೀರಲ್ಲಿ ಸ್ನಾನನೂ ಆಯ್ತು. ಜೊತೆಗಿದ್ದ ಸಹೋದರನ ಕೈಗಡಿಯಾರದಲ್ಲಿ ಇನ್ನೂ 5 ಆಗಿಲ್ಲ!

ಫೋನ್ ತಾನು ಸೇರಿಕೊಂಡ ನೆಟ್‌ವರ್ಕ್ ಕಳಿಸಿದ ಸಮಯ, ಟೈಮ್ ಜೋನ್ ಎರಡನ್ನೂ ನಂಬಿಬಿಡತ್ತೆ. ನಮ್ಮ ಕಡೆ ಸಿಗ್ನಲ್ ಕ್ಷೀಣ, ರೋಮಿಂಗ್ ಬೇರೆ ಆನ್ ಇತ್ತು, ಗಡಿಯಾಚೆಯ ಟವರ್ ಹಿಡ್ಕೊಂಡಿದೆ. ಬಾಂಗ್ಲಾದೇಶ ನಮಗಿಂತ 30 ನಿಮಿಷ ಮುಂದೆ. ನಾನು ಗಡಿ ದಾಟಿಲ್ಲ. ಮಲಗಿದ್ದು ಭಾರತದಲ್ಲಿ, ಗಡಿಯಾರ ಮಾತ್ರ ಢಾಕಾದ್ದು.

ಆ ಟವರ್ ಸುಳ್ಳು ಹೇಳಲಿಲ್ಲ, ಪ್ರಿಯರೇ. ಅದರ ಜನಕ್ಕೆ ಅದು ಸರಿಯಾದ ಟೈಮೇ. ನಿಮ್ಮ ಆಫೀಸೂ ಹಾಗೇ. 28ಕ್ಕೆ ಮದುವೆ, 30ಕ್ಕೆ ಫ್ಲ್ಯಾಟ್, ಆಮೇಲೆ ಆನ್‌ಸೈಟ್. ನೀವು ಸಭೆ ಬಿಟ್ಟು ಹೋಗಿಲ್ಲ, ಭಾನುವಾರ ಇಲ್ಲೇ ಇರ್ತೀರಿ. ಆದರೆ ವಾರವೆಲ್ಲ ಪ್ರಾರ್ಥನೆ ಒಂದು ಕಡ್ಡಿ ಸಿಗ್ನಲ್, ಆಫೀಸು ಐದು ಕಡ್ಡಿ. ಆಮೇಲೆ "ಪಾಸ್ಟರ್, ದೇವರು ಯಾಕೆ ತಡ ಮಾಡ್ತಿದ್ದಾರೆ?" ಅಂತೀರಿ. ಯಾವ ಗಡಿಯಾರ ನೋಡಿಕೊಂಡು ಕೇಳ್ತಿದ್ದೀರಿ?

ಈಗ ವಚನ ನೋಡಿ. ಗಬ್ರಿಯೇಲನು ದಾನಿಯೇಲನ ಹತ್ತಿರ ಬಂದದ್ದು ಸಂಧ್ಯಾನೈವೇದ್ಯದ ಹೊತ್ತಿಗೆ. ಎಲ್ಲಿಯ ನೈವೇದ್ಯ? ದೇವಾಲಯ ಸುಟ್ಟು 40 ವರ್ಷದ ಮೇಲಾಗಿದೆ! ಯಜ್ಞವೇದಿ ಇಲ್ಲ, ಹೊಗೆ ಇಲ್ಲ. ದಾನಿಯೇಲನು ಯೌವನದಲ್ಲೇ ಸೆರೆಯಾಗಿ ಬಂದವನು, ಈಗ ಮುದುಕ. ಅವನಿಗೆ ಇಟ್ಟ ಹೆಸರು ಬಾಬೆಲಿನದು, ಕಲಿತ ಭಾಷೆ ಬಾಬೆಲಿನದು, ಸಂಬಳ ಅರಮನೆಯದು. ಆದರೂ ಸಂಜೆ ಆಯ್ತು ಅಂತ ಅವನು ಲೆಕ್ಕ ಹಾಕೋದು ಯೆರೂಸಲೇಮಿನ ಪ್ರಕಾರ! ಹಲ್ಲೆಲೂಯಾ! 6ನೇ ಅಧ್ಯಾಯದ ಕಿಟಕಿ ಯಾವ ಕಡೆ ತೆರೆದಿತ್ತು ಅಂತ ಸಂಡೇ ಸ್ಕೂಲ್ ಮಕ್ಕಳೂ ಹೇಳ್ತಾರೆ. ದಿನಕ್ಕೆ 3 ಸಲ ಅಲ್ಲಿ ಮೊಣಕಾಲೂರಿ, ತನ್ನ ಗಡಿಯಾರವನ್ನ ಕೈಯಾರೆ ಸೆಟ್ ಮಾಡ್ಕೊಳ್ತಿದ್ದ. ಕೆಲಸಕ್ಕೆ ರಾಜೀನಾಮೆ ಕೊಡಲಿಲ್ಲ, ಅದನ್ನೂ ಗಮನಿಸಿ.

ಮದುವೆ, ಕೆಲಸ, ಮಗು, ಯಾವುದೋ ಒಂದು ತಡ ಆಯ್ತು ಅಂತ ಒಳಗೇ ಅಳ್ತಾ ಇರೋರು ಎದ್ದು ಮುಂದೆ ಬನ್ನಿ. ನಾನೂ ನಿಮ್ಮ ಜೊತೆ ಮೊಣಕಾಲೂರ್ತೀನಿ. ಕಣ್ಣು ಮುಚ್ಚಿ, ಪ್ರಾರ್ಥಿಸೋಣ.